ಹಸುಗಳ ರೋಗವನ್ನು ಮೊದಲೇ ಗುರುತಿಸುವುದು ಹೇಗೆ? ಅನುಭವಿಗಳ ಉತ್ತರಗಳು

ಪ್ರಶ್ನೆ: ಹೊಸದಾಗಿ ಹೈನುಗಾರಿಕೆ ಆರಂಭಿಸಿದ್ದೇನೆ. ಗಬ್ಬದ ಹಸುವೊಂದು ಏಳನೆಯ ತಿಂಗಳಿನಲ್ಲಿ ಕಂದು ಹಾಕಿತು. ಇದು ರೋಗದ ಸೂಚನೆಯೇ? ಮನೆಯವರಿಗೂ ಹಾಲು ಕೊಳ್ಳುವವರಿಗೂ ತೊಂದರೆಯಾಗುವ ಮೊದಲೇ ಇಂತಹ ರೋಗಗಳನ್ನು ಗುರುತಿಸುವುದು ಹೇಗೆ?

ಪಶುವೈದ್ಯರೊಬ್ಬರು: ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಸು ಕಂದು ಹಾಕಿದರೆ, ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ಬ್ರುಸೆಲ್ಲೋಸಿಸ್ (ಬ್ಯಾಕ್ಟೀರಿಯಾದಿಂದ ಬರುವ, ಹಸುವಿನಿಂದ ಮನುಷ್ಯರಿಗೂ ಹರಡುವ ರೋಗ) ಎಂದೇ ಭಾವಿಸಿ ಎಚ್ಚರ ವಹಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಈ ರೋಗ ತಗುಲಿದ ಹಸು ನೋಡುವುದಕ್ಕೆ ಆರೋಗ್ಯವಾಗಿಯೇ ಇರುತ್ತದೆ, ಮುಂದಿನ ಸಲ ದಿನ ತುಂಬಿ ಕರುವನ್ನೂ ಹಾಕಬಹುದು. ಆದರೆ ಬ್ಯಾಕ್ಟೀರಿಯಾ ಅದರ ಹಾಲಿನಲ್ಲಿ ಹೊರಬೀಳುತ್ತಲೇ ಇರಬಹುದು. ಆದ್ದರಿಂದ ಕಂದು ಹಾಕಿದ ಆ ದಿನವನ್ನು ವ್ಯರ್ಥವಾಗಿ ಕಳೆಯಬಾರದು. ಸತ್ತ ಕರುವನ್ನಾಗಲಿ ಮಾಸನ್ನಾಗಲಿ ಬರಿಗೈಯಿಂದ ಮುಟ್ಟದೆ, ನಾಯಿಗಳ ಬಾಯಿಗೆ ಸಿಗದಂತೆ ಮುಚ್ಚಿಟ್ಟು, ಹಸುವನ್ನು ಬೇರೆ ಕಟ್ಟಿ, ಪಶುವೈದ್ಯರು ಮಾದರಿ ತೆಗೆದುಕೊಂಡ ನಂತರವೇ ಅವನ್ನು ಆಳವಾಗಿ ಹೂಳಬೇಕು. ಮಾದರಿಗೆ ಮುನ್ನವೇ ಆ್ಯಂಟಿಬಯೋಟಿಕ್ ಕೊಟ್ಟರೆ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು. ರಕ್ತಪರೀಕ್ಷೆ ಒಮ್ಮೆ ನೆಗೆಟಿವ್ ಬಂದಿತೆಂದು ನಿಶ್ಚಿಂತರಾಗಬೇಡಿ. ರೋಗದ ವಿರುದ್ಧ ದೇಹ ತಯಾರಿಸುವ, ಈ ಪರೀಕ್ಷೆ ಹುಡುಕುವ ಪ್ರತಿಕಾಯಗಳು ಏರಲು ಸಮಯ ಬೇಕಾಗುವುದರಿಂದ ಕೆಲವು ವಾರಗಳ ನಂತರ ಮತ್ತೊಮ್ಮೆ ಮಾಡಿಸಿ. ಇಡೀ ಹಿಂಡಿನ ಮೇಲೆ ಕಣ್ಣಿಡಲು, ಎಲ್ಲ ಹಸುಗಳ ಹಾಲನ್ನು ಬೆರೆಸಿ ಅದರಲ್ಲಿ ಈ ಪ್ರತಿಕಾಯಗಳಿವೆಯೇ ಎಂದು ನೋಡುವ ಮಿಲ್ಕ್ ರಿಂಗ್ ಪರೀಕ್ಷೆ ಅನುಕೂಲಕರವಾಗಿದೆ.

ಇನ್ನೊಂದು ಮಾತು: ಯಾವುದೇ ದನ ಹಠಾತ್ತನೆ ಸತ್ತು ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ರಕ್ತ ಸುರಿಯುತ್ತಿದ್ದರೆ ಅದು ಆಂಥ್ರಾಕ್ಸ್ (ಬ್ಯಾಕ್ಟೀರಿಯಾದಿಂದ ಬರುವ, ಮನುಷ್ಯರಿಗೂ ತಗುಲುವ ಮಾರಕ ರೋಗ) ಆಗಿರಬಹುದು. ದೇಹವನ್ನು ಎಂದಿಗೂ ಕೊಯ್ಯಬೇಡಿ. ಗಾಳಿ ಸೋಕಿದೊಡನೆ ರೂಪುಗೊಳ್ಳುವ ಬೀಜಾಣುಗಳು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ.

ಹೈನುಗಾರ್ತಿಯೊಬ್ಬರು: ಪ್ರತಿ ಹಸು ಹೊತ್ತಿಗೆ ಎಷ್ಟು ಹಾಲು ಕೊಟ್ಟಿತು, ಮೇವು ಬಿಟ್ಟಿತೇ, ಮೆಲುಕು ಹಾಕುತ್ತಿದೆಯೇ ಎಂಬುದನ್ನು ಕೊಟ್ಟಿಗೆಯಲ್ಲೇ ಇಟ್ಟಿರುವ ಪುಸ್ತಕದಲ್ಲಿ ನಾವು ಬರೆದಿಡುತ್ತೇವೆ. ಹಾಲು ಏಕಾಏಕಿ ಇಳಿದರೆ ಥರ್ಮಾಮೀಟರ್ ಹಿಡಿಯುತ್ತೇವೆ. ಹಸುವಿನ ಮೈಬಿಸಿ ಸಾಮಾನ್ಯವಾಗಿ 38.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಕರೆಯುವ ಮುನ್ನ ಪ್ರತಿ ಮೊಲೆಯ ಮೊದಲ ಧಾರೆಗಳನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡಿದರೆ ಕೆಚ್ಚಲು ಬಾವಿನ ಚಕ್ಕೆಗಳು ಬೇಗ ಕಣ್ಣಿಗೆ ಬೀಳುತ್ತವೆ. ಔಷಧಿ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ದಯವಿಟ್ಟು ಯಾರಿಗೂ ಮಾರಬೇಡಿ.

ವೈದ್ಯರೊಬ್ಬರು: ಮನೆಯಲ್ಲಿ ಯಾರಿಗಾದರೂ ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು ಇದ್ದರೆ, ಹಸು ಸಾಕಿರುವುದನ್ನೂ ಅದು ಕಂದು ಹಾಕಿದ್ದನ್ನೂ ವೈದ್ಯರಿಗೆ ನೀವಾಗಿಯೇ ಹೇಳಿ, ಬ್ರುಸೆಲ್ಲೋಸಿಸ್ ಬೇರೆ ಜ್ವರಗಳನ್ನು ಹೋಲುವುದರಿಂದ ಈ ಮಾಹಿತಿಯಿಲ್ಲದೆ ಅದರ ಪರೀಕ್ಷೆ ಬರೆಯುವುದು ನಮಗೆ ಹೊಳೆಯದೆ ಹೋಗಬಹುದು. ಪರೀಕ್ಷೆಯ ಫಲಿತಾಂಶ ಬರುವವರೆಗೆ ಆ ಹಸುವಿನ ಹಾಲನ್ನು ಮಾರಾಟಕ್ಕೆ ಕಳುಹಿಸಬೇಡಿ, ಉಳಿದ ಹಸುಗಳ ಹಾಲನ್ನೂ ಕಾಯಿಸದೆ ಯಾರೂ ಕುಡಿಯಬಾರದು.