ಮಡಿಕೇರಿ ಮಳೆಯಲ್ಲಿ ಆಮೆಗೆ ಬಿಸಿ, ಬೆಳಕು ಹೇಗೆ ಕೊಡ್ತೀರಿ?

ಮಡಿಕೇರಿಯಿಂದ ಪ್ರಶ್ನೆ

ಬೆಂಗಳೂರು ಬಿಟ್ಟು ಊರಿಗೇ ಬಂದುಬಿಟ್ಟೆವು. ಜೊತೆಗೆ ಅಂಗೈಗಿಂತ ಸ್ವಲ್ಪ ದೊಡ್ಡ ಸಲ್ಕಾಟಾ ಆಮೆಯೂ ಬಂದಿದೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. ಅಲ್ಲಿ ಬಾಲ್ಕನಿ ಬಿಸಿಲಲ್ಲೇ ಬೆಳೆದದ್ದು. ಇಲ್ಲಿ ಮಳೆ ಹಿಡಿದ ಮೇಲೆ ಮೂಲೆ ಬಿಟ್ಟು ಕದಲುತ್ತಿಲ್ಲ, ಸೊಪ್ಪು ಮೂಸಿಯೂ ನೋಡಲ್ಲ. ಕಿಟಕಿ ಪಕ್ಕ ಇಟ್ಟು ಎಲ್‌ಇಡಿ ಹಾಕಿದ್ದೇನೆ. ಕರೆಂಟಿನ ಕಥೆ ನಿಮಗೇ ಗೊತ್ತು. ಮನೆಯೊಳಗೆ ಸಾಕಿದವರು ದಯವಿಟ್ಟು ಹೇಳಿ.

ಸಿದ್ದಾಪುರದಿಂದ

ಕಾಯಿಲೆ ಅಂತ ಗಾಬರಿಯಾಗುವ ಮೊದಲು ಅದು ಕೂತಿರುವ ಜಾಗದ ಉಷ್ಣಾಂಶ ಅಳೆಯಿರಿ. ಸಲ್ಕಾಟಾ ಸಹಾರಾದ ದಕ್ಷಿಣ ಅಂಚಿನ ಪ್ರಾಣಿ. ಕಕ್ಕಡದ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ಮಡಿಕೇರಿಯಲ್ಲಿ ಹಗಲು ಹೊತ್ತೇ 20 ಡಿಗ್ರಿ ಆಸುಪಾಸು. ಮೈ ಕಾಯದಿದ್ದರೆ ತಿಂದದ್ದು ಅರಗಲ್ಲ, ಹಾಗಾಗಿ ತಿನ್ನುವುದೂ ಇಲ್ಲ. ಈ ಜಾತಿಗೆ ಚಳಿಗಾಲದ ದೀರ್ಘನಿದ್ದೆ ಇಲ್ಲ. 'ಮಲಗಿದೆ, ಬಿಡಿ' ಅಂತ ಯಾರಾದರೂ ಅಂದರೆ ಕೇಳಬೇಡಿ.

ಬಿಸಿಯ ಲೆಕ್ಕ ಬೇರೆ, ಯುವಿಬಿ (ಬಿಸಿಲಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ಲೆಕ್ಕ ಬೇರೆ. ಆಮೆ ಇರುವ ಪೆಟ್ಟಿಗೆಯ ಒಂದು ತುದಿಗೆ ಬಿಳಿ ಬೆಳಕಿನ ಹ್ಯಾಲೊಜನ್ ಸ್ಪಾಟ್ ಬಲ್ಬ್ ಹಾಕಿ. ಅದರ ಕೆಳಗೆ, ಚಿಪ್ಪಿನ ಎತ್ತರದಲ್ಲಿ 35ರಿಂದ 38 ಡಿಗ್ರಿ ಬರಲಿ. ಇನ್ನೊಂದು ತುದಿ 26-28 ಇದ್ದರೆ ಸಾಕು. ಕಾಯಿಸಿಕೊಳ್ಳುವುದು, ಸಾಕಾದಾಗ ಸರಿಯುವುದು ಅದರದ್ದೇ ಇಷ್ಟಕ್ಕೆ ಬಿಡಬೇಕು. ಅಡಿಯಲ್ಲಿ ಹೀಟಿಂಗ್ ಪ್ಯಾಡ್ ಬೇಡ, ಹೊಟ್ಟೆ ಸುಟ್ಟರೂ ಅದು ಅಲ್ಲೇ ಕೂತಿರುತ್ತದೆ. ಕಾಡಲ್ಲಿ ಬಿಸಿ ಮೇಲಿಂದ ಬರುವುದು ತಾನೇ.

ರಾತ್ರಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್, 24ಕ್ಕಿಂತ ಇಳಿಯದ ಹಾಗೆ ಥರ್ಮೋಸ್ಟಾಟ್. ಹೋಲ್ಡರ್ ಪಿಂಗಾಣಿಯದ್ದೇ ಇರಲಿ, ಪ್ಲಾಸ್ಟಿಕ್ಕಿನದು ಕರಗುತ್ತದೆ. ವೈರಿನಲ್ಲಿ ನೇತುಹಾಕದೆ ಸರಪಳಿ ಕಟ್ಟಿ. ಅಳೆಯುವುದಕ್ಕೆ ಕೋವಿಡ್ ಕಾಲದ ಥರ್ಮಾಮೀಟರ್ ಗನ್ ಮನೆಯಲ್ಲಿದ್ದರೆ ತೆಗೆಯಿರಿ. ಹಣೆಯ ಮೋಡ್‌ನಲ್ಲಿ 'ಲೋ' ಅಂತಷ್ಟೇ ತೋರಿಸೀತು, ಬಹಳಷ್ಟರಲ್ಲಿ ಸರ್ಫೇಸ್ ಮೋಡ್ ಇರುತ್ತದೆ, ಅದಕ್ಕೆ ಬದಲಾಯಿಸಿ.

ಇನ್ನು ಬೆಳಕು. ಕಿಟಕಿ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ, ಮಾಮೂಲಿ ಎಲ್‌ಇಡಿಯಲ್ಲಿ ಅದು ಇರುವುದೇ ಇಲ್ಲ, ಪ್ಯಾಕೆಟ್ ಮೇಲೆ 'ಫುಲ್ ಸ್ಪೆಕ್ಟ್ರಮ್' ಅಂತ ಬರೆದಿದ್ದರೂ. ಯುವಿಬಿ ಬಿದ್ದರೇ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುವುದು, ಡಿ3 ಇದ್ದರೇ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದು. ಇಲ್ಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಯುವಿಬಿ ಶೇ. 10 ಅಥವಾ 12 ಅಂತ ಬರೆದಿರುವ ಟಿ5 (ತೆಳು) ಟ್ಯೂಬ್, ಚಿಪ್ಪಿನಿಂದ 30-45 ಸೆಂ.ಮೀ. ಮೇಲೆ, ದಿನಕ್ಕೆ 12 ಗಂಟೆ. ಟ್ಯೂಬ್ ಹೊಳೆಯುತ್ತಲೇ ಇದ್ದರೂ ಯುವಿಬಿ ಕುಗ್ಗುತ್ತಾ ಹೋಗುತ್ತದೆ, ಹಾಕಿದ ತಾರೀಖನ್ನು ತುದಿಯಲ್ಲಿ ಮಾರ್ಕರ್‌ನಿಂದ ಬರೆದು ವರ್ಷಕ್ಕೊಮ್ಮೆ ಬದಲಿಸಿ.

ಅಂದಹಾಗೆ ಆನ್‌ಲೈನ್‌ನಲ್ಲಿ 'ಯುವಿ ಲ್ಯಾಂಪ್' ಅಂತ ಹುಡುಕಿದರೆ ರೋಗಾಣು ಕೊಲ್ಲುವ ಯುವಿಸಿ ದೀಪಗಳೂ ಬರುತ್ತವೆ. ಅದನ್ನು ಮಾತ್ರ ಹಾಕಬೇಡಿ, ಆಮೆಯ ಕಣ್ಣೂ ಹೋದೀತು, ನಿಮ್ಮದೂ.

ಸಂಪಾಜೆಯಿಂದ

ಟ್ಯೂಬ್ ಬೇರೆ, ಸ್ಪಾಟ್ ಬೇರೆ ಯಾಕೆ ಮಾರಾಯ್ರೇ? ಮರ್ಕ್ಯುರಿ ವೇಪರ್ ಬಲ್ಬ್ ಒಂದರಲ್ಲೇ ಬಿಸಿಯೂ ಯುವಿಬಿಯೂ ಬರ್ತದೆ. ನಮ್ಮಲ್ಲಿ ಅದೇ.

ಸಿದ್ದಾಪುರದಿಂದ

ಘಟ್ಟದ ಕೆಳಗಿನ ಸೆಕೆಗೆ ಸರಿ ಅಣ್ಣ. ಮೇಲೆ ಕರೆಂಟ್ ಕಣ್ಣುಮುಚ್ಚಾಲೆ ಆಡುವಾಗ ಅದು ಒಮ್ಮೆ ಆರಿದರೆ ಪೂರ್ತಿ ತಣ್ಣಗಾಗುವ ತನಕ ಮತ್ತೆ ಹೊತ್ತುವುದಿಲ್ಲ. ಥರ್ಮೋಸ್ಟಾಟ್‌ಗೆ ಕೊಡುವಂತೆಯೂ ಇಲ್ಲ.

ಸೋಮವಾರಪೇಟೆಯಿಂದ

ಬಲ್ಬಿನ ಮಾತೆಲ್ಲ ಸರಿ, ಪೆಟ್ಟಿಗೆಗೆ ಮುಚ್ಚಳ ಇದೆಯಾ? ಮೇಲೆ ತೆರೆದೇ ಇಟ್ಟರೆ ಎಷ್ಟು ವ್ಯಾಟ್ ಹಾಕಿದರೂ ಬಿಸಿ ಹೆಂಚಿಗೇ ಹೋಗುತ್ತದೆ. ನಮ್ಮದು ತೋಟದ ಸಿಲ್ವರ್ ಓಕ್ ಹಲಗೆಯದು, ಎರಡು ಪದರದ ನಡುವೆ ಥರ್ಮೋಕೋಲ್ (ಒಳಗೆ ಕಾಣುವ ಹಾಗಿದ್ದರೆ ಕಚ್ಚಿ ತಿನ್ನುತ್ತದೆ), ಎದುರು ಬದಿಗೆ ಗಾಜು, ಗಾಳಿಗೆ ಕಿಂಡಿ. ರೆಡ್ ಆಕ್ಸೈಡ್ ನೆಲದ ಮೇಲೆ ಇಡಬೇಡಿ, ಬೆಂಚಿನ ಮೇಲಿಡಿ.

ತೇವದ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮರುಭೂಮಿಯ ಆಮೆ ಅಂತ ಮರಿಯನ್ನು ಒಣಗಿಸಿಟ್ಟರೆ ಚಿಪ್ಪು ಗುಬ್ಬಿಗುಬ್ಬಿಯಾಗಿ ಬೆಳೆಯುತ್ತದೆ. ಬೆಚ್ಚಗಿನ ತೇವ ಒಳ್ಳೆಯದು, ತಣ್ಣನೆಯ ತೇವ ಸೀದಾ ಶ್ವಾಸಕೋಶಕ್ಕೆ ಹೋಗುತ್ತದೆ. ಅಂದರೆ ನಮ್ಮ ಹವೆಯಲ್ಲಿ ತಪ್ಪಿಸಬೇಕಾದದ್ದು ಚಳಿಯನ್ನು.

ಕರೆಂಟ್ ಹೋದಾಗ ಇನ್ವರ್ಟರ್‌ಗೆ ಸೆರಾಮಿಕ್ ಒಂದನ್ನೇ ಕೊಡಿ, ಸ್ಪಾಟ್ ಬೇಡ. ಅದೂ ಕೈಕೊಟ್ಟರೆ ಹಂಡೆಯ ಬಿಸಿನೀರು ಬಾಟಲಿಗೆ ತುಂಬಿ, ಟವೆಲ್ ಸುತ್ತಿ ಒಂದು ಮೂಲೆಗಿಟ್ಟು ಮೇಲೆ ಕಂಬಳಿ ಹೊದಿಸಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವ ಯೋಚನೆ ಬೇಡವೇ ಬೇಡ. ಕೋಳಿಮರಿಗೆ ಹಾಕುವ 250 ವ್ಯಾಟಿನ ಕೆಂಪು ಬಲ್ಬ್ ಕೂಡ ಈ ಪೆಟ್ಟಿಗೆಗೆ ಅತಿಯಾಯಿತು.

ವಿರಾಜಪೇಟೆಯಿಂದ

ಮಳೆ ಹೊಳವಾಗಿ ಬಿಸಿಲು ಬಿದ್ದರೆ ಅಂಗಳಕ್ಕೆ ಬಿಡಿ, ಯಾವ ಟ್ಯೂಬೂ ಅದಕ್ಕೆ ಸಮ ಅಲ್ಲ. ಬೆಳಗಿನ ಎಳೆಬಿಸಿಲಲ್ಲಿ ಯುವಿಬಿ ಕಡಿಮೆ, ಹತ್ತರ ಮೇಲೆ ಬಿಡಿ, ಪಕ್ಕದಲ್ಲಿ ನೆರಳಿರಲಿ, ನಾಯಿ, ಕಾಗೆ ಬಗ್ಗೆ ಎಚ್ಚರ. ಮೂಗಿನಲ್ಲಿ ಗುಳ್ಳೆ ಬರುವುದು, ಬಾಯಿ ತೆರೆದು ಉಸಿರಾಡುವುದು ಕಂಡರೆ ಬಲ್ಬ್ ಬದಲಿಸುತ್ತಾ ಕೂರಬೇಡಿ, ಸರೀಸೃಪ ನೋಡಿ ಗೊತ್ತಿರುವ ವೈದ್ಯರಿಗೆ ತೋರಿಸಿ.

ಇದನ್ನು ಓದುತ್ತಿರುವ ಬೇರೆಯವರಿಗೆ: ನಕ್ಷತ್ರ ಆಮೆ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ, ಮನೆಯಲ್ಲಿಡುವಂತಿಲ್ಲ. ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಿ. ಸಲ್ಕಾಟಾ ತರುವ ಆಸೆ ಇದ್ದವರು ಅದು 40 ಕೆ.ಜಿ. ದಾಟಬಹುದು ಅನ್ನುವುದನ್ನು ಮನೆಯವರಿಗೆ ಹೇಳಿಯೇ ತನ್ನಿ.

ಮಡಿಕೇರಿಯಿಂದ

ಗನ್ ಹಿಡಿದು ನೋಡಿದೆ. ಅದು ಕೂರುವ ಮೂಲೆ 19! ಸ್ಪಾಟ್, ಸೆರಾಮಿಕ್ ಮೈಸೂರಿನಿಂದ ತರಿಸುತ್ತಿದ್ದೇನೆ. ಟ್ಯೂಬ್ ಬರುವುದು ತಡವಂತೆ, ಅಲ್ಲಿಯವರೆಗೆ ಬರೀ ಬಿಸಿ ಸಾಕಾ?

ಸಿದ್ದಾಪುರದಿಂದ

ಸ್ವಲ್ಪ ದಿನಕ್ಕೆ ತೊಂದರೆ ಇಲ್ಲ, ಮೊದಲು ಬಿಸಿಯೇ. ಸ್ಪಾಟ್ ಕೆಳಗೆ ಮೈ ಕಾದ ಮೇಲೆ ಗದ್ದ ಮುಟ್ಟದಷ್ಟು ಉಗುರುಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ ಕೂರಿಸಿ, ಒರೆಸಿ, ಆಮೇಲೆ ದಾಸವಾಳದ ಎಲೆ, ಹೂವು ಇಟ್ಟು ನೋಡಿ. ಟ್ಯೂಬ್ ಬಂದಾಗ ಫಿಟ್ಟಿಂಗ್‌ಗೆ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಕಿತ್ತುಹಾಕಿ, ಅದೂ ಗಾಜಿನ ಹಾಗೇ ಯುವಿಬಿ ತಡೆಯುತ್ತದೆ.