ಹಣಮಂತುವಿನ ಹೆಬ್ಬೆರಳು

ಅಪ್ಪನ ಕೆರೆ ದಂಡೆಗೆ ಸಂಜೆ ಹಣಮಂತು ಕುಂಟುತ್ತ ಬಂದ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹೆಂಡತಿಯ ಚಪ್ಪಲಿ.

"ಗೌಟ್ ಅಂತೆ. ರಾತ್ರಿ ಹೆಬ್ಬೆರಳಿಗೆ ಚಾದರ ತಾಗಿದ್ರೂ ಜೀವ ಹೋಗ್ತದೆ. ಯಾವ ಹುಳ ಹೊಕ್ಕಿತೋ!"

ಸಲೀಮ ಲ್ಯಾಬಿನವನು. ಒಂದು ಕೇಳಿದರೆ ಹತ್ತು ಹೇಳುತ್ತಾನೆ. ಇವತ್ತು ಕೇಳುವ ಮೊದಲೇ ಶುರು ಮಾಡಿದ.

"ಹುಳ ಗಿಳ ಏನೂ ಇಲ್ಲ ದೋಸ್ತ. ಕೀಲಲ್ಲಿ ಯೂರಿಕ್ ಆಸಿಡ್ ಹರಳು ಕೂತಿದೆ. ಅದನ್ನು ನುಂಗೋಕೆ ಹೋದ ರಕ್ಷಣಾ ಕಣಗಳು ಗಾಬರಿಯಾಗಿ ಇಂಟರ್‌ಲ್ಯೂಕಿನ್-1 ಅನ್ನೋ ಸುದ್ದಿ ಮುಟ್ಟಿಸೋ ಪ್ರೊಟೀನು ಬಿಟ್ಟಿವೆ. ಆ ಸುದ್ದಿ ಮುಟ್ಟಿದ್ದೇ ತಡ, ಬಿಳಿ ರಕ್ತಕಣಗಳ ದಂಡು ಓಡಿ ಬಂದಿದೆ. ಬಾವು, ಬಿಸಿ, ನೋವು ಎಲ್ಲಾ ಅವುಗಳದೇ ಗಲಾಟೆ."

"ವೈರಿನೇ ಇಲ್ಲದೆ ಹೊಡೆದಾಟ?"

"ಹೌದು, ಅದೂ ನಿನ್ನ ಖರ್ಚಲ್ಲಿ."

ಮಾಸ್ತರರು ಕೇಳಿದರು, "ಅದೇನಪ್ಪಾ, ಹೆಸರಿಗೆ ನಂಬರು?"

"ಒಂದೇ ಪ್ರೊಟೀನಿಗೆ ಒಂದೊಂದು ಲ್ಯಾಬಿನವರು ಒಂದೊಂದು ಹೆಸರು ಇಟ್ಟಿದ್ದರು, ಸರ್. 1979ರಲ್ಲಿ ಸ್ವಿಟ್ಜರ್ಲೆಂಡಲ್ಲಿ ಕೂತು ಇಂಟರ್‌ಲ್ಯೂಕಿನ್ ಅಂತ ಒಂದೇ ಹೆಸರು ಮಾಡಿ ನಂಬರ್ ಕೊಟ್ಟರು. ಈಗ ಇಂಥವು 30 ದಾಟಿವೆ."

"ನಮ್ಮ ಓಣಿಯ ಶರಣಬಸಪ್ಪಗಳಿಗೂ ನಂಬರ್ ಹಾಕಬೇಕು," ಅಂದರು ಮಾಸ್ತರರು. ನಿಜ, ಒಬ್ಬನನ್ನು ಕೂಗಿದರೆ ನಾಲ್ವರು ತಿರುಗುತ್ತಾರೆ.

"ಆ 1 ಅನ್ನೇ ಬಂದ್ ಮಾಡಿಸ್ರೋ!" ಹಣಮಂತು ಕೂಗಿದ.

"ಅದಕ್ಕೂ ಔಷಧ ಇದೆ. ಆದ್ರೆ ನಿಜವಾದ ರೋಗಾಣು ಬಂದಾಗ ಕೂಗೋದು ಯಾರು? ಜ್ವರ ಬರಿಸೋದೂ ಅದೇ. 6 ಅಂತ ಇನ್ನೊಂದಿದೆ. ನಿನ್ನ ರಿಪೋರ್ಟಲ್ಲಿ ಸಿಆರ್‌ಪಿ, ಅಂದ್ರೆ ಬಾವು ಇದ್ದಾಗ ರಕ್ತದಲ್ಲಿ ಏರೋ ಪ್ರೊಟೀನು, ಜಾಸ್ತಿ ಇದೆಯಲ್ವಾ? ಲಿವರಿಂದ ಅದನ್ನು ಮಾಡಿಸಿದ್ದು ಈ 6. ಕೀಲುವಾತದ ಕೆಲವರಿಗೆ ಈ 6 ಅನ್ನು ತಡೆಯೋ ಟೊಸಿಲಿಜುಮಾಬ್ ಅನ್ನೋ ಔಷಧ ಕೊಡ್ತಾರೆ. ಕೋವಿಡ್ ಜೋರಾದ ಕೆಲವರಿಗೂ ಕೊಟ್ಟರು. ಆದ್ರೆ ಕೊಡೋ ಮೊದಲು ಒಳಗೆ ಟಿಬಿ ಅಡಗಿದೆಯಾ ಅಂತ ನೋಡ್ತಾರೆ. ಕಾವಲು ಸಡಿಲಾದ್ರೆ ಅದು ಎದ್ದು ಕೂಡಬಹುದು."

"ಸುಮ್ನಿರ್ರೋ ಅಂತ ಗದರೋದು ಒಂದೂ ಇಲ್ವಾ?"

"10 ಇದೆ. ಗಲಾಟೆ ತಣ್ಣಗೆ ಮಾಡೋದೇ ಅದರ ಕೆಲಸ."

"ನನ್ನ ಹೆಬ್ಬೆರಳಿಗೆ ಬರೋ ದಿನವೇ ರಜೆ ಹಾಕಿದೆ ನೋಡು." ಹಣಮಂತು ನಿಟ್ಟುಸಿರು ಬಿಟ್ಟ. "ಮನೇಲಿ ತೊಗರಿಬೇಳೆ ಬಂದ್ ಮಾಡಿದ್ದಾಳೆ."

ಕಲಬುರಗಿಯಲ್ಲಿ ತೊಗರಿಬೇಳೆ ಬಂದ್! ಎಲ್ಲರೂ ಎದ್ದು ಕೂತೆವು.

"ಬೇಳೆ ತಿನ್ನು, ಅದರಿಂದ ಗೌಟ್ ಹೆಚ್ಚೋದಿಲ್ಲ," ಅಂದ ಸಲೀಮ. "ಬಿಡಬೇಕಾದ್ದು ಮಟನ್ ತಹರಿ, ಕಲೇಜಿ, ಬಿಯರು."

ಹಣಮಂತು ಚಪ್ಪಲಿ ಹುಡುಕತೊಡಗಿದ. "ಹೆಂಡತಿ ಹೇಳಿದ್ದೇ ಚೊಲೋ ಇತ್ತು."