ಆಸ್ಪತ್ರೆ ಆವರಣದಲ್ಲಿ ಬಂಡೆ ಒಡೆಯುವುದು ಹಗಲಲ್ಲೋ ರಾತ್ರಿಯಲ್ಲೋ?

ಹಡಪ್ಸರದ ಇಂಜಿನಿಯರ್:

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು, ಪುಣೆಗೆ ಬಂದು 11 ವರ್ಷವಾಯಿತು. ಇಷ್ಟು ದಿನ ಫ್ಲಾಟ್‌ಗಳನ್ನೇ ಕಟ್ಟಿಸಿದೆ. ಆಸ್ಪತ್ರೆ ಕೆಲಸ ಇದೇ ಮೊದಲು. ಹಳೆ ಆಸ್ಪತ್ರೆ ನಡೀತಾನೇ ಇದೆ, ಅದರ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಏಳು ಮಹಡಿಯ ಹೊಸ ಕಟ್ಟಡ. ಕೆಳಗೆ ಎರಡು ಬೇಸ್‌ಮೆಂಟ್. ಹಳೆ ಗೋಡೆಗೂ ನಮ್ಮ ಗುಂಡಿಗೂ ನಡುವೆ ಬರೀ 9 ಮೀಟರ್.

ಪುಣೆಯ ನೆಲ ಗೊತ್ತಲ್ಲ, ಮೇಲೆ ಒಂದಾಳು ಮುರುಮ್ ಮಣ್ಣು, ಆಮೇಲೆ ಕರಿಕಲ್ಲು. ಈಗ ಕಲ್ಲು ಹತ್ತಿದೆ. ಪೋಕ್ಲೇನ್‌ಗೆ, ಅಂದರೆ ಅಗೆಯುವ ಯಂತ್ರಕ್ಕೆ, ಕಲ್ಲು ಕುಟ್ಟುವ ಬ್ರೇಕರ್ ಹಾಕಿ ಒಡೆಯಬೇಕು. ಹಗಲು ಒಪಿಡಿಯಲ್ಲಿ ಜಾತ್ರೆ ಇದ್ದಂಗೆ ಇರುತ್ತೆ, ರಾತ್ರಿ ಹತ್ತರ ಮೇಲೆ ಒಡೆಯಿರಿ ಅಂತ ಆಡಳಿತದವರು ಹೇಳಿದರು. ನನಗೂ ಅನುಕೂಲವೇ, ಡಂಪರ್‌ಗೆ ರಸ್ತೆ ಖಾಲಿ ಸಿಗುತ್ತೆ.

ಮೊದಲ ರಾತ್ರಿ ಶುರು ಮಾಡಿ ಕಾಲು ಗಂಟೆ ಆಗಿತ್ತು. ಎರಡನೇ ಮಹಡಿಯ ಕಿಟಕಿಗೆ ಒಬ್ಬ ಅಜ್ಜಿ ಬಂದು ನಿಂತರು, ಸಲೈನ್ ಸ್ಟ್ಯಾಂಡ್ ಹಿಡಿದುಕೊಂಡು. ಬೈಯಲಿಲ್ಲ, ಕೈ ಮಾಡಲಿಲ್ಲ. ಸುಮ್ನೆ ನೋಡುತ್ತಾ ನಿಂತರು. ನಾನೇ ಆಪರೇಟರ್‌ಗೆ ಹೇಳಿ ಬಂದ್ ಮಾಡಿಸಿದೆ. ಈಗ ಯಾಕೆ ನಿಲ್ಲಿಸಿದೆ ಅಂತ ನಮ್ಮ ಸಾಹೇಬರ ಫೋನ್ ಮೇಲೆ ಫೋನ್. ಇಂಥ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದೀರಾ?

ಠಾಣೆ ಗುತ್ತಿಗೆದಾರ:

ರಾತ್ರಿ ಮಾತೇ ಬೇಡ ಸರ್. ಸರ್ಕಾರ ಘೋಷಿಸಿದ್ದರೆ ಆಸ್ಪತ್ರೆ ಸುತ್ತ 100 ಮೀಟರ್‌ವರೆಗೆ ನಿಶ್ಶಬ್ದ ವಲಯ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಹಗಲಿಗೆ 50 ಡೆಸಿಬಲ್, ರಾತ್ರಿ 10ರಿಂದ 6ರವರೆಗೆ 40. ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ಅಲ್ಲಿ ರಾತ್ರಿ ಓಡಿಸುವ ಹಾಗೇ ಇಲ್ಲ. ಆಡಳಿತದವರು ಬಾಯಿಮಾತಲ್ಲಿ ಹೇಳಿದರೆ ನಾಳೆ ಕೇಸು ನಿಮ್ಮ ಮೇಲೆ. ಈ ನಿಯಮ ಬರೆದು ಮೇಲ್ ಹಾಕಿ, ಸಾಹೇಬರ ಫೋನ್ ತಾನಾಗೇ ನಿಲ್ಲುತ್ತೆ.

ಪರೇಲ್ ಸಿಸ್ಟರ್:

ತಮ್ಮಾ, ನಾನು ಕುಂದಾಪುರದ ಕಡೆಯವಳು. ಮುಂಬೈಯ ಆಸ್ಪತ್ರೆಗಳಲ್ಲಿ 31 ವರ್ಷ ನರ್ಸ್ ಆಗಿದ್ದೆ, ಕೊನೆಯ ಹನ್ನೆರಡು ವರ್ಷ ಸೋಂಕು ತಡೆಯುವ ಕೆಲಸವೇ. ನೀನು ಬ್ರೇಕರ್ ನಿಲ್ಲಿಸಿದ್ದು ಓದಿ ಖುಷಿಯಾಯಿತು, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಹಗಲು ಅಂದರೆ ಇಡೀ ಹಗಲಲ್ಲ. ಬೆಳಿಗ್ಗೆ ರೌಂಡ್ಸ್ ಹೊತ್ತಲ್ಲಿ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು. ಆಗ ಪಕ್ಕದಲ್ಲಿ ಬ್ರೇಕರ್ ಹೊಡೆದರೆ ಉಬ್ಬಸವೂ ಕೇಳಿಸುವುದಿಲ್ಲ, ಏನೂ ಇಲ್ಲ. ಐಸಿಯುನಲ್ಲಿ ಔಷಧಿ ಹರಿಸುವ ಪಂಪಿನ ಅಲಾರಂ ನಮಗೆ ಕಿವಿಯಿಂದಲೇ ಗೊತ್ತಾಗುವುದು. ಕಣ್ಣಿನ ಆಪರೇಷನ್ ಇದ್ದ ದಿನ ಮೈಕ್ರೋಸ್ಕೋಪ್ ನಡುಗಿದರೆ ಸರ್ಜನ್ ಕೈ ಎತ್ತಿ ಕೂರುತ್ತಾರೆ. ಹಾಗಾಗಿ ಆಡಳಿತ ಕಚೇರಿಯಲ್ಲಿ ಟೈಮ್ ಕೇಳಬೇಡ. ಪ್ರತಿ ವಾರ್ಡಿನ ಸಿಸ್ಟರ್ ಇನ್‌ಚಾರ್ಜ್ ಹತ್ತಿರ ಹೋಗು, ಓಟಿ ಲಿಸ್ಟ್, ಅಂದರೆ ಆ ದಿನದ ಆಪರೇಷನ್‌ಗಳ ಪಟ್ಟಿ, ನೋಡು. ನಲವತ್ತು ನಿಮಿಷ ಹೊಡಿ, ಇಪ್ಪತ್ತು ನಿಮಿಷ ನಿಲ್ಲಿಸು. ಯಾವಾಗ ನಿಲ್ಲುತ್ತೆ ಅಂತ ಗೊತ್ತಿದ್ದರೆ ರೋಗಿಗಳು ಅರ್ಧ ಸಹಿಸಿಕೊಳ್ಳುತ್ತಾರೆ. ವಾರ್ಡ್ ಬಾಗಿಲಿಗೆ ಮರಾಠಿಯಲ್ಲಿ ಟೈಮ್ ಬರೆದು ಹಚ್ಚು.

ಆದರೆ ನಿನಗೆ ಸದ್ದೊಂದೇ ಕೇಳಿಸಿದೆ. ನನಗೆ ಧೂಳಿನ ಭಯ. ಮಣ್ಣು ಅಗೆದಾಗ, ಹಳೆ ಗೋಡೆ ಕೆಡವಿದಾಗ ಆಸ್ಪರ್ಜಿಲಸ್ ಅನ್ನುವ ಬೂಷ್ಟಿನ ಬೀಜಕಣ ಗಾಳಿಗೆ ಏಳುತ್ತೆ. ಎರಡು ಮೂರು ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್ ಉದ್ದಕ್ಕೆ ಮುನ್ನೂರಕ್ಕಿಂತ ಜಾಸ್ತಿ ಸಾಲಾಗಿ ನಿಲ್ಲುತ್ತವೆ. ನಿನಗೆ ನನಗೆ ಏನೂ ಆಗಲ್ಲ. ಕ್ಯಾನ್ಸರ್‌ಗೆ ಕೀಮೋ ತಗೊಂಡು ಬಿಳಿ ರಕ್ತಕಣ ಇಳಿದವರಿಗೆ ಅದೇ ಶ್ವಾಸಕೋಶದಲ್ಲಿ ಬೆಳೆಯುತ್ತೆ, ಜೀವಕ್ಕೇ ಕುತ್ತು. ನಿನ್ನ ಗುಂಡಿ ಕಡೆ ಕೀಮೋ ವಾರ್ಡ್ ಇದೆಯಾ? ಇದ್ದರೆ ಅವರನ್ನು ಇನ್ನೊಂದು ಬದಿಗೆ ಸಾಗಿಸಿದ ಮೇಲೆ ಅಗೆಯಬೇಕು. ಅವರು ಸ್ಕ್ಯಾನ್‌ಗೆ ಹೊರಗೆ ಹೋಗುವಾಗ ಎನ್-95 ಹಾಕಬೇಕು, ಸಡಿಲ ಸರ್ಜಿಕಲ್ ಮಾಸ್ಕ್ ಇದಕ್ಕೆ ಸಾಲದು.

ನಾನಿದ್ದ ಒಂದು ಕಡೆ ಕಿಟಕಿಗೆಲ್ಲ ಪ್ಲಾಸ್ಟಿಕ್ ಹಾಕಿ ಟೇಪ್ ಹಚ್ಚಿದ್ದರು. ಎಲ್ಲರಿಗೂ ಸಮಾಧಾನ. ನಾನು ದಿನಾ ಬೆಳಿಗ್ಗೆ ಒದ್ದೆ ಬಿಳಿ ಗಾಜ್ ಬಟ್ಟೆಯಲ್ಲಿ ಮಂಚದ ತಲೆಗಂಬಿ ಒರೆಸಿ ನೋಡುತ್ತಿದ್ದೆ. ನಾಲ್ಕನೇ ದಿನವೂ ಬಟ್ಟೆ ಬೂದಿ ಬಣ್ಣ. ಹುಡುಕಿದರೆ ಟಾಯ್ಲೆಟ್‌ನ ಜಾಲಿ ಕಿಟಕಿ ಸೀದಾ ಗುಂಡಿಗೆ ತೆರೆದಿತ್ತು! ಅದು ಯಾರ ನಕ್ಷೆಯಲ್ಲೂ ಇರಲಿಲ್ಲ. ಎಸಿಯ ಹೊರಗಾಳಿ ಎಳೆಯುವ ಬಾಯಿಯನ್ನೂ ನೋಡು.

ಮತ್ತೆ ಕಾಂಕ್ರೀಟ್ ಗಟ್ಟಿಯಾಗಲು ಹಾಕುವ ಕ್ಯೂರಿಂಗ್ ನೀರು ವಾರಗಟ್ಟಲೆ ನಿಲ್ಲಲು ಬಿಡಬೇಡ. ಡೆಂಗ್ಯೂ ವಾರ್ಡ್ ಪಕ್ಕದಲ್ಲೇ ಸೊಳ್ಳೆ ಸಾಕಿದಂತೆ ಆಗುತ್ತೆ.

ಮಡಗಾಂವ್ ಗ್ಯಾಸ್ ಪೈಪ್:

ಸಿಸ್ಟರ್ ಹೇಳಿದ್ದೆಲ್ಲ ಸರಿ. ನಾನು ಕಾರವಾರದವನು, ಗೋವಾದಲ್ಲಿ ಆಸ್ಪತ್ರೆಗಳ ಆಕ್ಸಿಜನ್ ಲೈನ್ ಕೆಲಸ ಮಾಡುತ್ತೇನೆ. ಒಂದೇ ಮಾತು ಕೇಳುತ್ತೇನೆ: ಆ ಪಾರ್ಕಿಂಗ್‌ನಲ್ಲಿ ಆಕ್ಸಿಜನ್ ಟ್ಯಾಂಕ್ ಇದೆಯಾ? 2020-21ರಲ್ಲಿ ಕೋವಿಡ್ ಗಡಿಬಿಡಿಯಲ್ಲಿ ಎಷ್ಟೋ ಕಡೆ ಖಾಲಿ ಜಾಗ ಕಂಡಲ್ಲಿ ಟ್ಯಾಂಕ್ ಕೂರಿಸಿ ಪೈಪ್ ಎಳೆದರು, ನಕ್ಷೆಗೆ ಹಾಕಲು ಪುರುಸೊತ್ತಿರಲಿಲ್ಲ. ನಕ್ಷೆ ನಂಬಿ ಬಕೆಟ್ ಇಳಿಸಬೇಡಿ. ಮೊದಲು ಪಿಕಾಸಿ ಹಿಡಿದು ಕೈಯಿಂದ ಅಡ್ಡಗುಂಡಿ ತೋಡಿಸಿ. ಆ ಹೊತ್ತಿಗೆ ಸಿಲಿಂಡರ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳನ್ನು ಲೈನಿಗೆ ಜೋಡಿಸುವ ಕಡೆ) ಹತ್ತಿರ ಒಬ್ಬ ಮನುಷ್ಯ ನಿಂತಿರಲಿ. ಟ್ಯಾಂಕರ್ ಬರುವ ದಾರಿಗೆ ಸರಳು, ತಗಡು ಪೇರಿಸಬೇಡಿ. ಟ್ಯಾಂಕ್ ಹತ್ತಿರ ಡಾಂಬರು ಅಂತೂ ಬೇಡವೇ ಬೇಡ, ದ್ರವ ಆಕ್ಸಿಜನ್ ಬಿದ್ದರೆ ಸ್ಫೋಟವಾಗಬಹುದು.

ಬಂಡೆಗೆ ಕಲ್ಲು ಸೀಳುವ ಪುಡಿ ಪ್ರಯತ್ನಿಸಿದ್ದೀರಾ? ರಂಧ್ರ ಕೊರೆದು ನೀರಲ್ಲಿ ಕಲಸಿ ಸುರಿದರೆ ಉಬ್ಬಿ ಕಲ್ಲು ತಾನೇ ಬಿರುಕು ಬಿಡುತ್ತೆ. ನಿಧಾನ, ದುಬಾರಿ. ಆದರೆ ಸದ್ದು ಕೊರೆಯುವಾಗ ಮಾತ್ರ.

ಹಡಪ್ಸರದ ಇಂಜಿನಿಯರ್:

ಎಲ್ಲರಿಗೂ ಧನ್ಯವಾದ. ನಾಲ್ಕು ದಿನದ ಸುದ್ದಿ ಹೇಳುತ್ತೇನೆ. ಅಡ್ಡಗುಂಡಿಯಲ್ಲಿ ಪೈಪ್ ಸಿಗಲಿಲ್ಲ, ಜನರೇಟರ್‌ನ ಕೇಬಲ್ ಸಿಕ್ಕಿತು. ನಕ್ಷೆಯಲ್ಲಿ ಅದು ಗೇಟಿನ ಕಡೆ ಇದೆ! ಹಳೆ ಗೋಡೆಯ ಬಿರುಕುಗಳ ಫೋಟೋ ತೆಗೆದು, ಮೇಲೆ ಗಾಜಿನ ಪಟ್ಟಿ ಅಂಟಿಸಿದ್ದೇನೆ. ಬಿರುಕು ಅಗಲವಾದರೆ ಗಾಜು ಒಡೆಯುತ್ತೆ. ಗೋಡೆ ಕಡೆಯ ಬಂಡೆಗೆ ಪುಡಿ, ದೂರದ್ದಕ್ಕೆ ಮಾತ್ರ ಬ್ರೇಕರ್ ಅಂತ ಬರೆದುಕೊಟ್ಟೆ. ಇಪ್ಪತ್ತು ದಿನ ಜಾಸ್ತಿ ಬೇಕು. ಸಾಹೇಬರು ಇನ್ನೂ ಸಹಿ ಹಾಕಿಲ್ಲ.

ಸಿಸ್ಟರ್ ಅಕ್ಕಾ, ಕೀಮೋ ವಾರ್ಡ್ ನಮ್ಮ ಕಡೆಗೇ ಇದೆ, ಮೂರನೇ ಮಹಡಿ. ಸೋಮವಾರ ಸ್ಥಳಾಂತರ ಮಾಡುತ್ತಾರಂತೆ, ಅಲ್ಲಿಯವರೆಗೆ ಪೋಕ್ಲೇನ್ ಬಂದ್. ಅಲ್ಲಿ ಟಾಯ್ಲೆಟ್‌ಗೆ ಹೋಗಿ ನೋಡಿದೆ. ಜಾಲಿ ಕಿಟಕಿ ಎರಡಿವೆ.